ಎಣ್ಣೆಯಲ್ಲಿ ಕರಿದ ಕಾರು

ಬಸಲಿಂಗಪ್ಪ ಕಾಕಾ ಎರಡು ಕೈಗಡಿಯಾರ ಕಟ್ಟುತ್ತಿದ್ದರು, ಒಂದೊಂದು ಕೈಗೆ ಒಂದೊಂದು. "ಯಾಕ ಕಾಕಾ, ಒಂದು ಸಾಲೂದಿಲ್ಲೇನು?" ಎಂದು ಕೇಳಿದರೆ, "ಒಂದು ಸುಳ್ಳು ಹೇಳಿದ್ರ ಇನ್ನೊಂದು ಚಾಡಿ ಹೇಳತೈತಿ, ಗಿರಿಜವ್ವ" ಅನ್ನುತ್ತಿದ್ದರು. ಅವೆರಡೂ ಒಂದೇ ವೇಳೆ ತೋರಿಸಿದ್ದನ್ನು ನಾನಂತೂ ಕಾಣೆ. ಕೊನೆಗೆ ಬಸ್ಸಿನ ಕಂಡಕ್ಟರನನ್ನು ಕೇಳುತ್ತಿದ್ದರು. ಅವನು ಹೇಳಿದ್ದನ್ನೂ ನಂಬುತ್ತಿರಲಿಲ್ಲ.

ಕಲ್ಲಂಗಡಿಯನ್ನು ಎಲ್ಲರೂ ಬಡಿದು ನೋಡುತ್ತಾರೆ. ಈ ಮನುಷ್ಯ ಬಾಳೆಹಣ್ಣನ್ನೂ ಬಡಿದು ನೋಡುತ್ತಿದ್ದರು. ಮಳೆ ಬರುತ್ತದೆ ಎಂದು ರೇಡಿಯೋ ಹೇಳಿದ ದಿನ ಬೇಕಂತಲೇ ಛತ್ರಿ ಬಿಟ್ಟು ಬರುವುದು, ತೊಯ್ದು ತೊಪ್ಪೆಯಾಗಿ ನನ್ನ ಅಂಗಡಿ ಹೊಕ್ಕು, "ಈ ಸಲ ಹೆಂಗೋ ಖರೆ ಆತು ನೋಡು" ಅನ್ನುವುದು. ಚಹಾ ಕೊಟ್ಟರೆ ಮೊದಲು ಅದರ ವಾಸನೆ ನೋಡಿ, ಆಮೇಲೆ ನನ್ನ ಮುಖ ನೋಡಿ ಕುಡಿಯುತ್ತಿದ್ದರು. ಮೈಯೆಲ್ಲ ಉರಿದು ಹೋಗುತ್ತಿತ್ತು ನನಗೆ.

ಹಾನಗಲ್ಲಿನಲ್ಲಿ ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಹಸ್ತಪತ್ರಿಕೆ, ಬಿಲ್ ಬುಕ್ಕು ನನ್ನ ಹೊಟ್ಟೆಪಾಡು. ಕಾಕಾ ತಿಂಗಳಿಗೊಮ್ಮೆ ತಮ್ಮ 'ನಾಕೂರ ಕಟ್ಟಿ' ಮಾಸಪತ್ರಿಕೆಯ ಹಾಳೆಗಳನ್ನು ಟೈಪು ಮಾಡಿಸಲು ಬರುತ್ತಿದ್ದರು. ನಾಕೂರು ಅಂದರೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಸಂಪಾದಕರು, ವರದಿಗಾರರು, ಜಾಹೀರಾತು ತರುವವರು, ಕಟ್ಟು ಹೊತ್ತು ಸಂತೆಯಿಂದ ಸಂತೆಗೆ ಹೋಗಿ ಹಂಚುವವರು, ಎಲ್ಲ ಅವರೇ. ಆಡೂರಿನ ಶಾಸನದ ಮೇಲೆ ಲೇಖನ, ಮದಗದ ಕೆರೆ ಕೋಡಿ ಬಿದ್ದ ಸುದ್ದಿ, ಅಕ್ಕಿಆಲೂರಿನ ಬತ್ತದ ಧಾರಣೆ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಜಾಗ ಸಾಲದಿದ್ದರೆ ಶಾಸನ ಮುಂದಿನ ತಿಂಗಳಿಗೆ ಹೋಗುತ್ತಿತ್ತು, ಧಾರಣೆ ಉಳಿಯುತ್ತಿತ್ತು.

ಇಷ್ಟೆಲ್ಲ ಮಾಡುವ ಮನುಷ್ಯನನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ: ಇದನ್ನು ಯಾರಾದರೂ ಓದುತ್ತಾರೋ, ಇಲ್ಲವೋ? "ಚಲೋ ಬಂದೈತ್ರಿ" ಎಂದು ಹೊಗಳಿದವರನ್ನು ಅವರು ಕಳ್ಳರ ಹಾಗೆ ನೋಡುತ್ತಿದ್ದರು.

"ಓದಿದಾವ ಚಲೋ ಐತಿ ಅನ್ನೂದಿಲ್ಲವ್ವ. ಓದಿದಾವ ಜಗಳಕ್ಕ ಬರ್ತಾನ."

ಅದಕ್ಕೇ ಪ್ರತಿ ಸಂಚಿಕೆಯ ಒಂದು ಜಾಹೀರಾತಿನಲ್ಲಿ ಒಂದು ತಪ್ಪು ಬಿಡುವ ಪದ್ಧತಿ ಇಟ್ಟುಕೊಂಡಿದ್ದರು. ನಾನು ತಿದ್ದಹೋದರೆ, "ಮುಟ್ಟಬ್ಯಾಡ! ಅದು ಗಾಳ" ಎಂದು ಕೈ ಹಿಡಿಯುತ್ತಿದ್ದರು. ಶಿಗ್ಗಾಂವಿಯ ಬಟ್ಟೆ ಅಂಗಡಿಯ 'ಮದುವೆ ಜವಳಿ' ಒಮ್ಮೆ 'ಮದುವೆ ಚವಳಿ' ಆಗಿ, ಅಂಗಡಿಯವರನ್ನು ಊರವರು ಚವಳಿಕಾಯಿ ಕಿಲೋ ಎಷ್ಟು ಎಂದು ಕೇಳಿ ಸಾಕುಬೇಕು ಮಾಡಿದರು. ನಿಜ ಹೇಳಬೇಕೆಂದರೆ, ಅವೆಲ್ಲ ಬೇಕಂತ ಬಿಟ್ಟ ತಪ್ಪುಗಳು ಎಂಬುದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಮೊದಲು ತಪ್ಪು ಮಾಡಿ, ಸಿಕ್ಕಿಬಿದ್ದ ಮೇಲೆ ಗಾಳ ಎಂದು ಹೆಸರಿಡುತ್ತಾರೆ ಎಂದೇ ನನ್ನ ಗುಮಾನಿ. ಅವರ ಸಹವಾಸದಿಂದ ಬಂದ ರೋಗ, ಇನ್ನೇನು!

ಸವಣೂರಿನ ದಾದಾಪೀರಣ್ಣ ಅವರಿಗೆ ಆಧಾರಸ್ತಂಭ. ಸವಣೂರು ಖಾರ ಎಂಬ ಕರಿದ ಕುರುಕಲು ತಿಂಡಿಯ ಅಂಗಡಿ ಅವರದು. ಪತ್ರಿಕೆಯ ಹಿಂಬದಿಯ ಪುಟ ಪ್ರತಿ ತಿಂಗಳೂ ಅವರಿಗೇ. ಆ ಪುಟ ಇದ್ದರೆ ಪತ್ರಿಕೆ ಇದೆ, ಇಲ್ಲದಿದ್ದರೆ ಇಲ್ಲ. ಅಲ್ಲಿಯೂ ಕಾಕಾ ಕೈಯಾಡಿಸದೆ ಬಿಡಲಿಲ್ಲ. 'ಶುದ್ಧ ಶೇಂಗಾ ಎಣ್ಣೆಯಲ್ಲಿ ಕರಿದ ಖಾರ' ಎಂದು ಇರಬೇಕಾದಲ್ಲಿ 'ಕರಿದ ಕಾರು' ಎಂದು ಬಂತು. ಆ ವಾರವೆಲ್ಲ ದಾದಾಪೀರಣ್ಣನ ಅಂಗಡಿಯ ಮುಂದೆ ನಗೆಯೋ ನಗೆ. "ಸಾಹೇಬ್ರ, ಅರ್ಧಾ ಕಿಲೋ ಕಾರು ಕಟ್ರಿ." "ನಮಗ ಟೈರು ಬ್ಯಾಡ್ರಿ, ಬರೀ ಸೀಟು ಕೊಡ್ರಿ."

ದಾದಾಪೀರಣ್ಣ ಸಿಟ್ಟಿನಿಂದ ಫೋನು ಮಾಡಿದರು. ಕಾಕಾ ಕಿವಿಯಿಂದ ಫೋನು ದೂರ ಹಿಡಿದು, ನನಗೆ ಕಣ್ಣು ಹೊಡೆದು, "ಬೈಯಾಕತ್ತಾನ ಕೇಳು, ಓದ್ಯಾರ, ಎಲ್ಲಾರೂ ಓದ್ಯಾರ!" ಎಂದು ಮಕ್ಕಳ ಹಾಗೆ ಕುಣಿದಾಡಿದರು. ಅಷ್ಟು ಖುಷಿಯಾಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಆಮೇಲೆ ಎಲ್ಲರ ಕೈಗೂ ಫೋನು ಬಂತಲ್ಲ, ಜಾಹೀರಾತುಗಳು ಒಂದೊಂದಾಗಿ ಆ ಕಡೆ ಜಾರಿದವು. ಹಿರೇಕೆರೂರಿನ ಬೀಜದ ಅಂಗಡಿ ಹೋಯಿತು, ಶಿಗ್ಗಾಂವಿಯ ಜವಳಿ ಹೋಯಿತು. ಒಂದು ದಿನ ದಾದಾಪೀರಣ್ಣ ಕರೆಸಿದರು. ಫೋನಿಗೆ ಹಾಕುವ ಜಾಹೀರಾತನ್ನು ನಾನೇ ಮಾಡಿಕೊಡಬೇಕಿತ್ತು, ಹಾಗಾಗಿ ಕಾಕಾನ ಜೊತೆ ನಾನೂ ಹೋದೆ.

"ಸಾವಿರಗಟ್ಟಲೆ ಮಂದಿ ನೋಡ್ತಾರಂತ್ರಿ ಬಸಲಿಂಗಪ್ಪನೋರ. ಲೆಕ್ಕಾನೂ ಅದರಾಗ ಬರತೈತಂತ."

"ಲೆಕ್ಕ ಕೊಡಾವ ಯಾರು?"

"ಅವರ."

"ಜಾಹೀರಾತು ಮಾರಾವನೂ ಅವನ, ಲೆಕ್ಕ ಕೊಡಾವನೂ ಅವನ! ಕಳ್ಳನ ಕೈಯಾಗ ಕೀಲಿಕೈ ಕೊಟ್ಟಂಗಾತಲ್ಲೋ. ಒಂದು ಕೆಲಸ ಮಾಡು. ಫೋನಿನ್ಯಾಗೂ ಕಾರು ಅಂತ ಹಾಕು. ಯಾರರ ಒಬ್ಬಾವ ಕೇಳಿದ್ರ ನಾ ಪತ್ರಿಕಿ ಬಂದ್ ಮಾಡ್ತೇನಿ. ಯಾರೂ ಕೇಳಲಿಲ್ಲಂದ್ರ ನೀ ನನ್ನ ಹಿಂದಿನ ಪುಟ ಬಿಡೂ ಹಂಗಿಲ್ಲ."

ದಾದಾಪೀರಣ್ಣ ನಕ್ಕು ಒಪ್ಪಿಕೊಂಡರು. ಪತ್ರಿಕೆಯ ಪ್ರಾಣವನ್ನೇ ಕಾಕಾ ಒಂದಕ್ಷರಕ್ಕೆ ಕಟ್ಟಿ ತೂಗುಬಿಟ್ಟಿದ್ದರು.

'ಕರಿದ ಕಾರು' ಫೋನುಗಳಲ್ಲಿ ಓಡಾಡಿತು. ಹೃದಯದ ಚಿತ್ರಗಳು ಬಂದವು, ಎತ್ತಿದ ಹೆಬ್ಬೆರಳುಗಳು ಬಂದವು. ಕಾರು ಎಂದು ಕೇಳಿದವರು ಒಬ್ಬರೂ ಇಲ್ಲ. ಸುದ್ದಿ ತಿಳಿದ ಕೂಡಲೇ ಕಾಕಾ ನನ್ನನ್ನೂ ಎಬ್ಬಿಸಿಕೊಂಡು ಸವಣೂರಿಗೆ ಓಡಿದರು.

"ಯಾರೂ ಓದಿಲ್ಲ! ನಾ ಹೇಳಲಿಲ್ಲೇನು?"

ದಾದಾಪೀರಣ್ಣ ತಲೆ ತಗ್ಗಿಸಿ ಪೊಟ್ಟಣ ಕಟ್ಟುತ್ತಿದ್ದರು. ಅಂಗಡಿಯ ಮುಂದೆ ಎಂದಿಗಿಂತ ಹೆಚ್ಚು ಗದ್ದಲವಿತ್ತು. ನಾವು ಗುರುತು ಹಿಡಿಯದ ಮುಖಗಳು, ಹುಬ್ಬಳ್ಳಿ ಕಡೆಯ ಗಾಡಿಗಳು.

"ಖರೆ ಐತ್ರಿ, ಯಾರೂ ಓದಿಲ್ಲ," ಅಂದರು ದಾದಾಪೀರಣ್ಣ. "ಓದಲಾರದನ ಬಂದಾರ. ಚಿತ್ರ ನೋಡಿ ಬಂದಾರ. ಮಾತು ಕೊಟ್ಟೇನಿ, ಹಿಂದಿನ ಪುಟ ನಿಮ್ಮದ. ನಾ ಬಿಡೂದಿಲ್ಲ."

ಕಾಕಾ ಆ ಗದ್ದಲವನ್ನು ಬಹಳ ಹೊತ್ತು ನೋಡುತ್ತ ನಿಂತರು. "ಬ್ಯಾಡ ದಾದಾಪೀರ. ದಾನದ ಪುಟ ನನಗ ಬ್ಯಾಡ," ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟರು. ದಾರಿಯುದ್ದಕ್ಕೂ ಒಮ್ಮೆಯೂ ಗಡಿಯಾರ ನೋಡಲಿಲ್ಲ. ಗೆದ್ದು ಸೋತ ಮನುಷ್ಯನಿಗೆ ಏನು ಹೇಳಬೇಕು? ಬಸ್ಸಿನಲ್ಲಿ ಇಬ್ಬರ ಟಿಕೀಟನ್ನೂ ನಾನೇ ತೆಗೆಸಿ ಪಕ್ಕದಲ್ಲಿ ಕುಳಿತೆ. 'ನಾಕೂರ ಕಟ್ಟಿ' ಮತ್ತೆ ಬರಲಿಲ್ಲ.

ಕೊನೆಯ ಸಲ ಅಂಗಡಿಗೆ ಬಂದಾಗ ಅವರ ಕೈಯಲ್ಲಿ ಮಗಳು ಕೊಡಿಸಿದ ಫೋನಿತ್ತು. "ಈ ನೀಲಿ ಗೀಟು ಬಿದ್ರ ಓದಿದಂಗ ಅಂತಾರಲ್ಲ, ನೀ ನಂಬ್ತೀ ಏನು?"

"ಇಲ್ಲ ಕಾಕಾ."

"ಶಾಣ್ಯಾಕಿ," ಎಂದು ಚಹಾ ತೆಗೆದುಕೊಂಡರು. ಅವತ್ತು ವಾಸನೆ ನೋಡದೆ ಕುಡಿದರು. ನನಗೆ ಅದೇ ಹೆದರಿಕೆ ಹುಟ್ಟಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೋದರು. ಪತ್ರಿಕೆಯ ಹಳೆಯ ಚಂದಾದಾರರ ವಾಟ್ಸಾಪ್ ಗುಂಪಿಗೆ ಮಗಳು ಸುದ್ದಿ ಹಾಕಿದ್ದಳು. ಎರಡು ಕೈಗಡಿಯಾರ ಕಾಣುವ ಹಾಗೆ ಕೈ ಕಟ್ಟಿ ನಿಂತ ಫೋಟೋ, ಕೆಳಗೆ ನಾಲ್ಕು ಸಾಲು. ಜೋಡಿಸಿದ ಕೈಗಳು ಒಂದರ ಹಿಂದೊಂದು ಬೀಳುತ್ತಲೇ ಇದ್ದವು. ನಾನು ಕೊನೆಯ ಸಾಲಿಗೆ ಬಂದು ನಿಂತುಬಿಟ್ಟೆ. 'ಅವರ ಆತ್ಮಕ್ಕೆ ಚಿರಸಂತೆ ಸಿಗಲಿ' ಎಂದಿತ್ತು.

ಅಳುವ ಅವಸರದಲ್ಲಿ ಮಗಳ ಬೆರಳು ಜಾರಿತೋ, ಮುದುಕ ಮೊದಲೇ ಹೇಳಿ ಬರೆಸಿದ್ದೋ? ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲು ಮನಸ್ಸಾಗಲಿಲ್ಲ. ಫೋನು ಹಿಡಿದು ಕಾಯುತ್ತ ಕುಳಿತೆ. ಮತ್ತೂ ಕೈಗಳು ಬಂದವು, ಓಂ ಶಾಂತಿಗಳು ಬಂದವು. ಸಂತೆಯನ್ನು ಯಾರೂ ಕಾಣಲಿಲ್ಲ. ನಾನೇ ಯಾರಿಗಾದರೂ ಹೇಳಿಬಿಡಲೇ ಎನ್ನುವಷ್ಟು ಸಂಕಟವಾಯಿತು.

ಸಂಜೆ ಸವಣೂರಿನಿಂದ ಫೋನು ಬಂತು. ದಾದಾಪೀರಣ್ಣ ಹಲೋ ಕೂಡ ಅನ್ನದೆ ಶುರು ಮಾಡಿದರು, ಸಿಟ್ಟಿಗೋ ದುಃಖಕ್ಕೋ ತಿಳಿಯಲಿಲ್ಲ.

"ಅಕ್ಕಾರ, ಅದೇನು ಬರದಾರ ಅದು? ಸಂತಿ ಅಂತ ಹಾಕ್ಯಾರಲ್ರೀ! ಅಂಥಾ ಮನುಷ್ಯಾಗ ಹಿಂಗ ಬರೀತಾರೇನು? ಓದಿ ನೋಡೂದಿಲ್ಲೇನು ಯಾರೂ?"

ನನಗೆ ಅಳು ತಡೆಯಲಾಗಲಿಲ್ಲ.

"ಬೈರಿ ದಾದಾಪೀರಣ್ಣ," ಅಂದೆ, "ಇನ್ನೂ ಜೋರಾಗಿ ಬೈರಿ."