ಆಯುಧಪೂಜೆಯ ದಿನ ಎಚ್ಚರಗೊಂಡ ಕಂಪ್ಯೂಟರುಗಳು

ಚಾಮರಾಜಪೇಟೆಯ ಆ ಪ್ರಕಾಶನ ಸಂಸ್ಥೆಗೆ ನಾನು ಸೇರಿದಾಗ ಅಲ್ಲಿದ್ದ ಕಂಪ್ಯೂಟರುಗಳು ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದ ಸಂಸಾರಗಳಂತಿದ್ದವು. ಶಾಲಾ ಮಕ್ಕಳ ಗೈಡುಗಳು, ದೇವರನಾಮದ ಪುಸ್ತಕಗಳು, ವರ್ಷಕ್ಕೊಂದು ಪಂಚಾಂಗ, ಇವು ಅಲ್ಲಿಯ ಕೆಲಸ. ಆಫೀಸು ಇದ್ದದ್ದು ಒಂದು ಹಳೆಯ ಮನೆಯಲ್ಲಿ. ಪಡಸಾಲೆಯಲ್ಲಿ ಟೈಪು ಮಾಡುವವರು, ನಡುಮನೆಯಲ್ಲಿ ಪ್ರೂಫು ನೋಡುವವರು, ಅಡುಗೆಮನೆಯಾಗಿದ್ದ ಕಡೆ ಪ್ರಿಂಟರು. ಒಂದೊಂದು ಕಂಪ್ಯೂಟರಿನಲ್ಲೂ ಕನ್ನಡದ ಫಾಂಟು ಒಂದೊಂದು ಕಾಲದ್ದು. ಪಡಸಾಲೆಯಲ್ಲಿ ಟೈಪಾದ ಪುಟವನ್ನು ನಡುಮನೆಯಲ್ಲಿ ತೆರೆದರೆ ಒತ್ತಕ್ಷರಗಳು ತಮ್ಮ ಜಾಗ ಬಿಟ್ಟು ಸಾಲಿನ ಆಚೆ ಹೋಗಿ ಕೂತಿರುತ್ತಿದ್ದವು.

ಏನಾದರೂ ಕೆಟ್ಟರೆ ಬಳೇಪೇಟೆಯ ಕಡೆಯಿಂದ ಒಬ್ಬ ಇಂಜಿನಿಯರು ಸ್ಕೂಟರಿನಲ್ಲಿ ಸೀಡಿಗಳ ಡಬ್ಬಿ ಇಟ್ಟುಕೊಂಡು ಬರುತ್ತಿದ್ದರು. ಒಂದು ಯಂತ್ರ ಸರಿಮಾಡಿ ಒಂದು ಕಾಫಿ, ಇನ್ನೊಂದು ಸರಿಮಾಡಿ ಇನ್ನೊಂದು ಕಾಫಿ. ಕೊನೆಯದು ಮುಗಿಯುವ ಹೊತ್ತಿಗೆ ಯಾರೋ ಮನೆಯಿಂದ ತಂದ ಫ್ಲಾಪಿಯಿಂದ ಮೊದಲನೆಯದಕ್ಕೆ ಮತ್ತೆ ವೈರಸ್ ಬಂದಿರುತ್ತಿತ್ತು.

ನಾನು ಆಗ ತಾನೇ ಎಂ.ಎಸ್ಸಿ. ಮುಗಿಸಿದ್ದೆ. ಶಂಕರಪುರಂನಿಂದ ನಡೆದೇ ಹೋಗಿಬರಬಹುದಾದ ಕೆಲಸ ಎಂಬುದು ನಮ್ಮ ಮನೆಯವರಿಗೆ ಹಿಡಿಸಿತ್ತು. ಯಂತ್ರಗಳ ಜೊತೆ ಕೆಲಸವಾದ್ದರಿಂದ ಹೆಚ್ಚು ಮಾತಾಡಬೇಕಾಗುವುದಿಲ್ಲ ಎಂಬುದು ನನಗೆ ಹಿಡಿಸಿತ್ತು. ಈ ಎರಡನೆಯ ಲೆಕ್ಕಾಚಾರ ಪೂರ್ತಿ ತಪ್ಪಾಯಿತು.

ಎಲ್ಲ ಕಂಪ್ಯೂಟರುಗಳನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ತಂತ್ರಾಂಶವೊಂದು ಇದೆಯೆಂದು ಯಜಮಾನರಿಗೆ ಹೇಳಿದವಳು ನಾನೇ. ಪ್ರತಿ ಯಂತ್ರದಲ್ಲೂ ಅದರದೊಂದು ಸಣ್ಣ ತುಣುಕನ್ನು ಹಾಕಿಬಿಟ್ಟರೆ, ನನ್ನ ಮೇಜಿನಿಂದಲೇ ಎಲ್ಲದಕ್ಕೂ ಒಂದೇ ಫಾಂಟು ಕಳಿಸಬಹುದು, ವೈರಸ್ಸಿನ ಔಷಧ ಹಾಕಬಹುದು, ಆಫ್ ಆಗಿರುವ ಯಂತ್ರವನ್ನೂ ಹೇಳಿದ ಹೊತ್ತಿಗೆ ಎಬ್ಬಿಸಬಹುದು. ಯಜಮಾನರು ಎಲ್ಲವನ್ನೂ ಕೇಳಿ, ಕೆಲವು ವಾರ ಪರೀಕ್ಷೆಗೆಂದು ಸಿಗುವ ಪ್ರತಿಯನ್ನು ಮೊದಲು ಹಾಕು ಎಂದರು. ಹೊಸ ಪಂಚಾಂಗದ ಕೆಲಸವನ್ನು ಅವರು ಶುರುಮಾಡುತ್ತಿದ್ದದ್ದು ವಿಜಯದಶಮಿಯಂದು. ಅಷ್ಟರೊಳಗೆ ಎಲ್ಲ ಕಂಪ್ಯೂಟರುಗಳೂ ಆ ವ್ಯವಸ್ಥೆಗೆ ಸೇರಿರಬೇಕು. ಒಂದು ಹೊರಗುಳಿದರೂ ಆ ಒಂದರಿಂದ ಎಲ್ಲ ಕೆಡುತ್ತದೆಯೆಂದು ನಾನೇ ವಿವರಿಸಿದ್ದೆನಲ್ಲ, ಆ ಮಾತನ್ನು ಅವರು ಹಿಡಿದುಕೊಂಡರು.

"ಎಲ್ಲಾ ಸೇರಿದ್ರೆ ನೀನಿರ್ತೀಯ. ಇಲ್ದಿದ್ರೆ ಸ್ಕೂಟರಿನವರನ್ನೇ ಕರೀತೀನಮ್ಮ" ಎಂದರು, ಬೇಸರವಿಲ್ಲದೆ.

ಸ್ಕೂಟರಿನವರು ಬಂದರೆ ನಾನು ಹೋಗಬೇಕಿದ್ದದ್ದು ಮನೆಗೆ. ಅಲ್ಲಿ ಬ್ಯಾಂಕ್ ಪರೀಕ್ಷೆಯ ಪುಸ್ತಕಗಳನ್ನು ನಮ್ಮ ತಂದೆ ಆಗಲೇ ರಟ್ಟು ಹಾಕಿ ಜೋಡಿಸಿಟ್ಟಿದ್ದರು.

ಯಂತ್ರಗಳಿಗೆ ಒಂದೊಂದು ಹೆಸರು ಕೊಡಬೇಕಿತ್ತು. ಪಂಚಾಂಗದ ಆಫೀಸಲ್ಲವೇ, ನಕ್ಷತ್ರಗಳ ಹೆಸರಿಟ್ಟೆ. ಅದರಿಂದ ನನಗೆ ಅನುಕೂಲವೇ ಆಯಿತು. ತಂತ್ರಾಂಶ ಹಾಕಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದವರು ತಮ್ಮ ಜನ್ಮನಕ್ಷತ್ರ ಬೇರೆಯವರ ಪಾಲಾದೀತೆಂದು ತಾವಾಗಿ ಬಂದರು. ರೋಹಿಣಿಗೆ ಇಬ್ಬರು ಜಗಳವಾಡಿದರು. ಆಶ್ಲೇಷಾ, ಮೂಲಾ ಯಾರಿಗೂ ಬೇಡವಾದವು.

ತೊಂದರೆ ಶುರುವಾದದ್ದು ಪಡಸಾಲೆಯಲ್ಲಿ ಟೈಪು ಮಾಡುತ್ತಿದ್ದ ಒಬ್ಬ ತಮಾಷೆಗಾರನಿಂದ. ಅವನ ಯಂತ್ರದಲ್ಲಿ ಏನೋ ಸಿಕ್ಕಿಕೊಂಡು ನನ್ನನ್ನು ಕರೆದ. ನಾನು ಎದ್ದು ಹೋಗದೆ ನನ್ನ ಮೇಜಿನಿಂದಲೇ ಅವನ ಪರದೆಯನ್ನು ತೆರೆದು ಸರಿಮಾಡಿದೆ. ತನ್ನ ಕೈ ಸೋಕದೆ ಮೌಸಿನ ಬಾಣ ಓಡಾಡಿದ್ದನ್ನು ಅವನು ನೋಡಿದ. ಮಧ್ಯಾಹ್ನದೊಳಗೆ ಆಫೀಸಿಗೆಲ್ಲ ಸುದ್ದಿ. ಯಾರಾದರೂ ಇಸ್ಪೀಟು ಆಟ ತೆರೆದರೆ ಸಾಕು, "ಮಗಾ, ಹುಷಾರು, ಮೇಡಂ ಒಳಗಿಂದ ನೋಡ್ತಿದಾರೆ" ಎನ್ನುತ್ತಿದ್ದ. ನಾನು ಪರದೆಯನ್ನು ನೋಡಬಲ್ಲೆನೇ ಹೊರತು ಪರದೆಯಿಂದಾಚೆಗೆ ಅಲ್ಲ ಎಂದು ವಿವರಿಸಿದೆ. ವಿವರಿಸಿದಷ್ಟೂ ಅನುಮಾನ ಹೆಚ್ಚಿತು. ಊಟದ ಹೊತ್ತಿಗೆ ಎಲ್ಲರೂ ಡಬ್ಬಿ ಹಿಡಿದು ಮಾನಿಟರಿಗೆ ಬೆನ್ನು ಹಾಕಿ ಕೂರತೊಡಗಿದರು.

ನಡುಮನೆಯಲ್ಲಿ ಪ್ರೂಫು ನೋಡುತ್ತಿದ್ದ ಹಿರಿಯರೊಬ್ಬರನ್ನು ಎಲ್ಲರೂ ಟೀಚರ್ ಎನ್ನುತ್ತಿದ್ದರು. ಹೈಸ್ಕೂಲಿನಿಂದ ನಿವೃತ್ತರಾಗಿ ಬಂದವರು. ಗಾಂಧಿ ಬಜಾರಿನಿಂದ ದಿನಾ ಮಲ್ಲಿಗೆ ಮುಡಿದು ಬರುವವರು. ಅವರ ಯಂತ್ರಕ್ಕೆ ಮಾತ್ರ ತಂತ್ರಾಂಶ ಹಾಕಲು ಬಿಡಲಿಲ್ಲ. ಕಸೂತಿ ಹಾಕಿದ ಬಟ್ಟೆಯೊಂದನ್ನು ತಂದು, ಕುರ್ಚಿಯಿಂದ ಏಳುವಾಗಲೆಲ್ಲ ಮಾನಿಟರಿನ ಮೇಲೆ ಹೊದಿಸಿ ಹೋಗುತ್ತಿದ್ದರು. ನಾನು ಕೇಳಲು ಹೋದಾಗ ಬೈಯಲಿಲ್ಲ. ಕನ್ನಡಕದ ಮೇಲಿಂದ ನೋಡಿ, "ನಮ್ಮ ಮನೇಲಿ ಬಾಗಿಲು ತಟ್ಟದೆ ಯಾರೂ ಒಳಗೆ ಬರಲ್ಲಮ್ಮ" ಎಂದರು.

ಆ ಮಾತು ನನ್ನದೂ ಆಗಿತ್ತು. ಮನೆಯಲ್ಲಿ ನನ್ನ ಕೋಣೆಯ ಬಾಗಿಲು ತಟ್ಟಿ ಬನ್ನಿ ಎಂದು ವರ್ಷಗಟ್ಟಲೆ ಹೇಳಿ, ಕಡೆಗೆ ನಾನೇ ಒಂದು ಚಿಲಕ ತಂದು ಹಾಕಿಕೊಂಡವಳು ನಾನು. ಹೀಗೆ ದಸರಾ ಹತ್ತಿರ ಬಂದಿತು. ಎಲ್ಲರೂ ಸೇರಿದ್ದರು, ಟೀಚರ್ ಒಬ್ಬರನ್ನು ಬಿಟ್ಟು.

ಆ ವರ್ಷ ಆಯುಧಪೂಜೆ ಬುಧವಾರ ಬಿತ್ತು. ಬೆಳಿಗ್ಗೆಯೇ ಪೂಜೆ ಮುಗಿದು ಎಲ್ಲರೂ ಮನೆಗೆ ಹೋಗಿರುತ್ತಾರೆ, ಖಾಲಿ ಆಫೀಸಿನಲ್ಲಿ ಯಾರಿಗೂ ಅಡ್ಡಿಯಿಲ್ಲದೆ ಹೊಸ ಫಾಂಟು ಹಾಕಿಬಿಡೋಣ ಎಂದುಕೊಂಡು, ಮಧ್ಯಾಹ್ನ ಎರಡಕ್ಕೆ ಯಂತ್ರಗಳೆಲ್ಲ ಎದ್ದು ಫಾಂಟು ಪಡೆಯುವಂತೆ ಹಿಂದಿನ ದಿನವೇ ಏರ್ಪಾಡು ಮಾಡಿದ್ದೆ. ಪ್ಲಗ್ ಯಾರೂ ತೆಗೆಯಬಾರದೆಂದೂ ಹೇಳಿದ್ದೆ.

ಬುಧವಾರ ಬೆಳಿಗ್ಗೆ ಕಂಪ್ಯೂಟರುಗಳನ್ನು ಒರೆಸಿ, ಮಾನಿಟರಿನ ಹಣೆಗೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದೆವು. ಟೀಚರ್ ತಮ್ಮದಕ್ಕೆ ಕಸೂತಿ ಬಟ್ಟೆಯ ಮೇಲೇ ಹಾರ ಹಾಕಿದರು. ಪುರೋಹಿತರು ಮಾತ್ರ ಬರಲಿಲ್ಲ. ಬಳೇಪೇಟೆಯ ಅಂಗಡಿಗಳ ಪೂಜೆ, ಗಾಡಿಗಳ ಪೂಜೆ ಮುಗಿಸಿ ಬೆವರೊರೆಸಿಕೊಂಡು ಅವರು ಬಾಗಿಲಿಗೆ ಬಂದಾಗ ರಾಹುಕಾಲ ಕೂತಿತ್ತು. ಬೇರೆ ಆಫೀಸಾಗಿದ್ದರೆ ನಡೆಸಿಬಿಡುತ್ತಿದ್ದರೇನೋ. ರಾಹುಕಾಲವನ್ನೇ ಅಚ್ಚು ಹಾಕಿ ಮಾರುವ ನಾವು ಹೇಗೆ ಮೀರುವುದು? ಎಲ್ಲರೂ ಕಾದೆವು. ಪುರೋಹಿತರು ಗೋಡೆಗೊರಗಿ ಒಂದು ನಿದ್ದೆ ತೆಗೆದರು. ನಾನು ಬಾಳೆಎಲೆಯ ಮೇಲೆ ಕಡಲೆಪುರಿ ಹಂಚಿಡುತ್ತಾ ನನ್ನ ಏರ್ಪಾಡನ್ನು ಸಂಪೂರ್ಣ ಮರೆತಿದ್ದೆ.

ಪೂಜೆ ಅರ್ಧಕ್ಕೆ ಬಂದಾಗ ಅಶ್ವಿನಿ ಬೀಪ್ ಎಂದಿತು. ಆಮೇಲೆ ಭರಣಿ. ಆಮೇಲೆ ಕೃತ್ತಿಕಾ. ಹಾರಗಳ ಕೆಳಗೆ ಫ್ಯಾನುಗಳು ತಿರುಗಿ ಹೂವಿನ ಎಸಳು ಹಾರಾಡಿದವು. ಕುಂಕುಮವಿಟ್ಟ ಮಾನಿಟರುಗಳು ಪಡಸಾಲೆಯ ಉದ್ದಕ್ಕೂ ಒಂದಾದ ಮೇಲೊಂದು ಕಣ್ಣು ಬಿಟ್ಟವು. ಪುರೋಹಿತರು ಮಂತ್ರ ನಿಲ್ಲಿಸಿದರು.

"ಇದೇನ್ರೀ, ನಾನಿನ್ನೂ ಪ್ರಾಣಪ್ರತಿಷ್ಠೆ ಮಾಡಿಲ್ವಲ್ಲ" ಎಂದರು.

ತಮಾಷೆಗಾರ ನಗು ತಡೆಯಲಾರದೆ ಅಡುಗೆಮನೆಯ ಕಡೆ ಓಡಿದ. ಯಜಮಾನರು ನಗಲಿಲ್ಲ. ಪೂಜೆಗೆ ಇಟ್ಟ ಆಯುಧ ವಿಜಯದಶಮಿಯವರೆಗೆ ಮಲಗಿರಬೇಕು. ಅವರ ತಂದೆಯ ಕಾಲದಲ್ಲಿ ಅಚ್ಚಿನ ಮೊಳೆಗಳನ್ನೂ ಆ ದಿನ ಮುಟ್ಟುತ್ತಿರಲಿಲ್ಲವಂತೆ. ಅವರು ನನ್ನ ಕಡೆ ತಿರುಗಿದಾಗ, ಸ್ಕೂಟರಿನ ಸದ್ದು ನನಗೆ ಕೇಳಿಸಿಯೇಬಿಟ್ಟಿತು. ನಾನೇ ಮಾಡಿದ್ದು, ಹೊತ್ತು ತಪ್ಪಿತು ಎಂದೆ.

"ಪಂಚಾಂಗದ ಆಫೀಸಲ್ಲಿ ಕೂತು ರಾಹುಕಾಲ ನೋಡ್ಲಿಲ್ವೇನಮ್ಮ" ಎಂದರು ಟೀಚರ್. ಇಡೀ ಆಫೀಸಿನಲ್ಲಿ ಇನ್ನೂ ಮಲಗಿದ್ದ ಒಂದೇ ಒಂದು ಯಂತ್ರ ಅವರದು. ಅದರ ಕಸೂತಿ ಬಟ್ಟೆ ಸರಿಮಾಡುತ್ತಾ, "ಇದೊಂದು ಮಲಗಿದೆಯಲ್ಲ. ಎಲ್ಲದರ ಪರವಾಗಿ ಇದಕ್ಕೇ ಮುಗಿಸಿ ಪೂಜೆನ" ಎಂದು ಪುರೋಹಿತರಿಗೆ ಹೇಳಿದರು.

ಪುರೋಹಿತರಿಗೆ ಇನ್ನೂ ನಾಲ್ಕು ಮನೆಯಿತ್ತು. ಶಾಸ್ತ್ರಕ್ಕೆ ಅಡ್ಡಿಯಿಲ್ಲವೆಂದು ತಕ್ಷಣ ಒಪ್ಪಿದರು.

ಮಂಗಳಾರತಿಯಾದ ಮೇಲೂ ಉಳಿದ ಯಂತ್ರಗಳು ಎದ್ದೇ ಇದ್ದವು. ಅವನ್ನೆಲ್ಲ ಒಟ್ಟಿಗೆ ಆರಿಸಬೇಕೆಂದರೆ ನಾನು ನನ್ನ ಕಂಪ್ಯೂಟರನ್ನು ಮುಟ್ಟಬೇಕು, ಅದಕ್ಕೂ ಹಾರ ಬಿದ್ದಿತ್ತು. ಯಜಮಾನರು ಆ ಹಾರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಇಲ್ಲೂ ತೀರ್ಪು ಕೊಟ್ಟವರು ಟೀಚರೇ.

"ಮುಟ್ಟು. ಕೆಲಸ ಮಾಡೋಕಲ್ವಲ್ಲ, ಮಲಗಿಸೋಕೆ ತಾನೆ?"

ನಾನು ಕೂತೆ. ಟೀಚರ್ ನನ್ನ ಹಿಂದೆ ಬಂದು ನಿಂತರು. ಮೊದಲ ಸಲ ನನ್ನ ಪರದೆಯನ್ನು ನೋಡುತ್ತಿದ್ದರು. ಅಲ್ಲಿ ನಕ್ಷತ್ರಗಳ ಹೆಸರುಗಳು, ಪ್ರತಿಯೊಂದರ ಪಕ್ಕ ಒಂದು ಹಸಿರು ಚುಕ್ಕೆ. ಅಷ್ಟೇ ಇದ್ದದ್ದು. ಫಾಂಟು ಹೋಗಿ ಮುಟ್ಟಿತ್ತು. ಆರಿಸುವ ಆಜ್ಞೆ ಕೊಟ್ಟೆ. ಹಸಿರು ಚುಕ್ಕೆಗಳು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿದವು. ಪಡಸಾಲೆಯಲ್ಲಿ ಫ್ಯಾನುಗಳ ಸದ್ದು ಅಡಗುತ್ತಾ ಬಂದು, ಬೀದಿಯ ಆಟೋ ಸದ್ದು ಕೇಳಿಸಿತು.

"ಇಷ್ಟೇನಾ?" ಎಂದರು ಟೀಚರ್. "ನಾನು ಎಲ್ಲರ ಮುಖಾನೂ ಸಾಲಾಗಿ ಕಾಣುತ್ತೆ ಅಂದ್ಕೊಂಡಿದ್ದೆ."

ಇಷ್ಟೇ ಎಂದು ನಾನು ಸುಮ್ಮನಿದ್ದಿದ್ದರೆ ಆಗಲೇ ಒಪ್ಪಿಬಿಡುತ್ತಿದ್ದರೇನೋ. ಆದರೆ ಅದು ಪೂರ್ತಿ ನಿಜವಾಗಿರಲಿಲ್ಲ.

"ಬೇಕು ಅಂದ್ರೆ ಒಬ್ಬೊಬ್ಬರ ಪರದೆ ತೆರೆದು ನೋಡಬಹುದು, ಟೀಚರ್. ನಾನು ಅವರು ಕರೆದಾಗ ಮಾತ್ರ ನೋಡಿದೀನಿ."

"ಬಾಗಿಲು ತಟ್ಟೋಕೆ ಬರುತ್ತಾ ಇದಕ್ಕೆ?" ಎಂದು ಅವರು ಕೇಳಿದರು.

ಬರುತ್ತಿತ್ತು. ಪರದೆ ತೆರೆಯುವ ಮೊದಲು ಆ ಯಂತ್ರದಲ್ಲಿ ಕೂತವರ ಒಪ್ಪಿಗೆ ಕೇಳುವ ಒಂದು ಸೌಲಭ್ಯ ಆ ತಂತ್ರಾಂಶದೊಳಗೆ ಇತ್ತು. ಕೈಪಿಡಿಯಲ್ಲಿ ಓದಿದ್ದೆ. ಕೆಲಸ ನಿಧಾನವಾಗುತ್ತದೆಂದು ಪಕ್ಕಕ್ಕಿಟ್ಟಿದ್ದೆ, ಬಾಗಿಲಿಗೆ ಚಿಲಕ ತಂದು ಹಾಕಿಕೊಂಡವಳೇ. ಬರುತ್ತೆ ಎಂದೆ.

ಮಾರನೆಯ ದಿನ ವಿಜಯದಶಮಿ. ಹೊಸ ಪಂಚಾಂಗದ ಮೊದಲ ಪುಟ ತೆರೆಯುವ ಮುಂಚೆ ಎಲ್ಲ ಯಂತ್ರಗಳಿಗೂ ಆ ಒಪ್ಪಿಗೆಯ ಪ್ರಶ್ನೆಯನ್ನು ಕಳಿಸಿದೆ. ಆ ಪೆಟ್ಟಿಗೆಯಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡವನ್ನು ಕೂಡಿಸಿ "ಒಳಗೆ ಬರಲೇ?" ಎಂದು ಬರೆದೆ. ಆಮೇಲೆ ನಡುಮನೆಗೆ ಹೋದೆ. ಟೀಚರ್ ತಾವಾಗಿಯೇ ಬಟ್ಟೆ ತೆಗೆದು ಮಡಿಸಿ ಕುರ್ಚಿ ಬಿಟ್ಟುಕೊಟ್ಟರು. ಯಾವ ನಕ್ಷತ್ರ ಬೇಕೆಂದು ಕೇಳಿದೆ.

"ಯಾರೂ ತಗೊಳ್ದೆ ಇರೋದು ಯಾವುದಿದೆ?"

ಮೂಲಾ ಎಂದೆ, ಸಂಕೋಚದಿಂದಲೇ. ಮೂಲಾ ನಕ್ಷತ್ರದ ಸೊಸೆ ಮಾವನಿಗೆ ಆಗದು ಎಂದು ಜನ ಹೇಳುತ್ತಾರಲ್ಲ.

"ಕೊಡು. ನಮ್ಮ ಮಾವನವರು ಹೋಗಿ ಎಷ್ಟೋ ಕಾಲ ಆಯ್ತು. ಇನ್ಯಾರಿಗೆ ತೊಂದರೆ?"

ನನ್ನ ಮೇಜಿಗೆ ಹಿಂತಿರುಗಿದಾಗ ಸಾಲಿನ ಕೊನೆಯಲ್ಲಿ ಮೂಲಾ ಹಸಿರಾಗಿತ್ತು. ಯಜಮಾನರು ಬಂದು ಬಗ್ಗಿ ನೋಡಿ, ಬೆರಳಿನಿಂದ ಒಂದೊಂದೇ ಹೆಸರು ಎಣಿಸಿ ಹೋದರು. ಸ್ವಲ್ಪ ಹೊತ್ತಿಗೆ ನನಗೆ ಒಂದು ಕಾಫಿ ಬಂತು. ಅದುವರೆಗೆ ಆ ಕಾಫಿ ಸ್ಕೂಟರಿನವರಿಗೆ ಮಾತ್ರ ಬರುತ್ತಿದ್ದದ್ದು.

ಟೀಚರ್ ಯಂತ್ರದಲ್ಲಿ ಹೊಸ ಫಾಂಟು ಸರಿಯಾಗಿ ಕೂತಿದೆಯೇ ನೋಡಬೇಕಿತ್ತು. ತಟ್ಟಿದೆ. ನನ್ನ ಪರದೆಯ ಮೇಲೆ, ಒಪ್ಪಿಗೆ ಇಲ್ಲ ಎಂದು ಉತ್ತರ ಬಂತು. ನಡುಮನೆಯಿಂದ ಸಣ್ಣಗೆ ನಗು ಕೇಳಿಸಿತು. ಸ್ವಲ್ಪ ಬಿಟ್ಟು ಮತ್ತೆ ತಟ್ಟಿದೆ.

ಈ ಸಲ ಬಾಗಿಲು ತೆರೆಯಿತು. ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು.

ಟೀಚರ್ ಅಷ್ಟು ದಿನ ಬಟ್ಟೆ ಹೊದಿಸಿ ಇಟ್ಟುಕೊಂಡಿದ್ದದ್ದು ಏನು ಎಂದು ಪಡಸಾಲೆಯವರೆಲ್ಲ ನನ್ನನ್ನು ಕೇಳಿದರು. ತಮಾಷೆಗಾರ ಕೋಡುಬಳೆಯ ಆಸೆಯನ್ನೂ ತೋರಿಸಿದ. ಅವರಿಗೆ ಹೇಳಲಿಲ್ಲ. ಇಲ್ಲೂ ಹೇಳುವುದಿಲ್ಲ.