ಡಬ್ಬಿ ಖಾಲಿ ಬಂದ ಭಾನುವಾರ

ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು. ಹಾಗೆಂದು ಯಾರೆದುರೂ ತಲೆ ತಗ್ಗಿಸಿದವನಲ್ಲ. ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತು ನನ್ನದೇ ಅಡುಗೆಮನೆ ಮಾಡಿಕೊಂಡಿದ್ದೇನೆ. ಇಲ್ಲಿ ಅಮೆರಿಕದಲ್ಲಿ, ಸೌತ್‌ಫೀಲ್ಡ್‌ನ ಆಫೀಸುಗಳಿಗೆ ನನ್ನಲ್ಲಿಂದಲೇ ಊಟ ಹೋಗುತ್ತದೆ. ಒಬ್ಬಳೇ ಮಗಳು, ಒಂಬತ್ತು ವರ್ಷ. ನಾನು ಅರ್ಧಕ್ಕೆ ಬಿಟ್ಟ ಅಕ್ಷರವನ್ನು ಅವಳು ನಾಲ್ಕು ಮಕ್ಕಳ ನಡುವೆ ಕೂತು ಕಲಿಯಬೇಕು ಎಂಬುದೊಂದೇ ನನ್ನ ಹಟ.

ಪ್ಲಿಮತ್‌ನ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಭಾನುವಾರ ಕನ್ನಡ ತರಗತಿ. ಕಲಿಸುವವರು ಆ ಮನೆಯವರೇ, ಮೈಸೂರಿನ ಕಡೆಯ ಆಂಟಿ. ಮಗಳನ್ನು ಬಿಡಲು ಹೋಗುವಾಗ ಮಕ್ಕಳಿಗೆಲ್ಲ ಆಗುವಷ್ಟು ಬಿಸಿಬೇಳೆಬಾತನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ಯುತ್ತಿದ್ದೆ. ಡಬ್ಬಿ ಒಮ್ಮೆಯೂ ಖಾಲಿ ವಾಪಸಾಗಿರಲಿಲ್ಲ. ಒಂದು ಹಿಡಿ ಸಕ್ಕರೆಯೋ ಎರಡು ಕಿತ್ತಳೆಯೋ ಇದ್ದೇ ಇರುತ್ತಿತ್ತು.

"ನಮ್ಮನೆ ಅಡುಗೆ ಥರಾನೇ ಇರತ್ತೆ ಕಣ್ರೀ. ನೀವು ನಮ್ಮೋರೇ ಇರ್ಬೇಕು," ಎಂದು ಆಂಟಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ತಪ್ಪಿದ್ದರೆ ಅದೊಂದೇ.

ಆ ಚಳಿಗಾಲ ಟಿವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಬಿಳಿಯರ ಮಕ್ಕಳಷ್ಟೇ ಓದುವ ಶಾಲೆಗೆ ಮೊದಲ ಸಲ ಕಾಲಿಟ್ಟ ಕಪ್ಪು ಹುಡುಗಿಯ ಕಥೆ. ಅವಳು ಬಂದು ಕೂತ ಬೆಂಚಿನ ಮಕ್ಕಳು ಗದ್ದಲವಿಲ್ಲದೆ, ಒಬ್ಬೊಬ್ಬರಾಗಿ ಎದ್ದು ಹಿಂದಿನ ಸಾಲಿಗೆ ಹೋದರು. ಬೈದಿದ್ದರೂ ವಾಸಿಯಿತ್ತು.

"ನಿನ್ ಸ್ಕೂಲ್ ವಾಸಂಟ್ ಲೈಕ್ ದಟ್, ರೈಟ್?" ಎಂದಳು ಮಗಳು.

ಹೇಳಿಬಿಟ್ಟೆ. ನಮ್ಮ ಕೇರಿಯ ಮಕ್ಕಳಿಗೆ ಶಾಲೆಯ ಜಗಲಿ. ಪಾಠ ಕಿಟಕಿಯಿಂದ ಕೇಳಿಸುತ್ತಿತ್ತು. ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಒಂದು ದಿನ ಹೊಯ್ಯುವವರು ಬರಲಿಲ್ಲ. ನಾನೇ ಕೊಡಕ್ಕೆ ಲೋಟ ಅದ್ದಿದೆ. ಅಂದಿಗೆ ನನ್ನ ಓದು ಮುಗಿಯಿತು.

"ಆಂಟಿ ಮನೇಲಿ ಇದನ್ನೆಲ್ಲ ಹೇಳ್ಬೇಡ, ಪುಟ್ಟಾ."

"ವೈ? ನೀನೇನಾದ್ರೂ ರಾಂಗ್ ಮಾಡಿದ್ಯಾ?"

ನಾನು ಟಿವಿ ಆರಿಸಿದೆ.

ಮರುದಿನ ಭಾನುವಾರ. ತರಗತಿ ಮುಗಿದು ಮಗಳನ್ನು ಕರೆದುಕೊಂಡು ಬರಲು ಹೋದಾಗ ಆಂಟಿ ಅದೇ ಧಾರಾವಾಹಿಯ ಮಾತಾಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. "ಪಾಪ, ಅಷ್ಟ್ ಸಣ್ಣ ಮಗು! ಎಂಥಾ ಜನಾನೋ!"

ಮಗಳು ಬೂಟು ಹಾಕಿಕೊಳ್ಳುತ್ತ, "ಮೈ ಡ್ಯಾಡ್ ಹ್ಯಾಡ್ ಟು ಸಿಟ್ ಔಟ್‌ಸೈಡ್ ಟೂ. ನೀರೂ ಮುಟ್ಟೋ ಹಾಗಿರ್ಲಿಲ್ಲ," ಎಂದಳು.

ಆಂಟಿಯ ಕೈ ಕಣ್ಣಿನ ಹತ್ತಿರವೇ ನಿಂತಿತು. "ಓ... ಹೌದಾ," ಎಂದರು. "ಗೊತ್ತೇ ಇರ್ಲಿಲ್ಲ."

ಡಬ್ಬಿಯನ್ನು ನನ್ನ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟರು. ಕಾರಿನಲ್ಲಿ ಮುಚ್ಚಳ ತೆಗೆದೆ. ತೊಳೆದು, ಒರೆಸಿ, ಖಾಲಿ. ಮರೆತಿರಬಹುದು ಎಂದುಕೊಂಡೆ. ಎರಡು ಮೈಲಿ ಹೋದ ಮೇಲೆ ನೋಡಿದರೆ ಹೆದ್ದಾರಿಯಿಂದ ನಮ್ಮ ಮನೆಯ ಕಡೆ ಇಳಿಯುವ ಎಕ್ಸಿಟ್ ದಾಟಿಹೋಗಿತ್ತು.

ಗುರುವಾರ ಆಂಟಿಯ ಫೋನ್ ಬಂತು. "ಇನ್ಮೇಲೆ ಊಟ ತರೋದು ಬೇಡ, ಮಕ್ಕಳು ಅವರವರ ಮನೆಯಿಂದ್ಲೇ ತರ್ತಾರಂತೆ. ಮತ್ತೆ, ನಿಮ್ ಮಗಳು ತುಂಬಾ ಚುರುಕು. ಇಲ್ಲಿ ಜಾಗಾನೂ ಸಾಲ್ದು ನೋಡಿ. ಅವಳಿಗೆ ಜೂಮ್‌ನಲ್ಲಿ ಹೇಳ್ಕೊಡ್ತೀನಿ. ಮನೇಲೇ ಕೂತು ಎಲ್ಲಾ ಕೇಳಿಸ್ಕೋಬಹುದು."

"ಬೇರೆ ಮಕ್ಕಳೂ ಜೂಮ್‌ನಲ್ಲೇನಾ, ಆಂಟಿ?"

"ಇಲ್ಲ... ಅವರೆಲ್ಲ ಇಲ್ಲಿಗೇ ಬರ್ತಾರೆ."

ನಲವತ್ತು ವರ್ಷ ಹಿಂದಿನ ಶಾಲೆಯ ಕಿಟಕಿಯ ಸರಳುಗಳು ಕೈಗೆ ತಣ್ಣಗೆ ತಾಗಿದವು.

ಭಾನುವಾರ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ. ಮಗಳ ಹೆಗಲಲ್ಲಿ ಪುಸ್ತಕದ ಚೀಲ. ನನ್ನ ಕೈಯಲ್ಲಿ ಡಬ್ಬಿ ಇರಲಿಲ್ಲ. ಬೆಲ್ ಒತ್ತಿದೆ. ಅದರ ಕ್ಯಾಮೆರಾದ ಸುತ್ತ ನೀಲಿ ಬೆಳಕು ಹತ್ತಿತು. ಬೇಸ್‌ಮೆಂಟಿನಲ್ಲಿ ಪಾಠ ಒಪ್ಪಿಸುತ್ತಿದ್ದ ಮಕ್ಕಳ ದನಿ ಥಟ್ಟನೆ ನಿಂತಿತು. ಮೇಲಿನ ಕಿಟಕಿಯ ಪರದೆ ಒಂದಿಷ್ಟು ಸರಿಯಿತು. ಬಾಗಿಲು ತೆರೆಯಲಿಲ್ಲ.

"ಅಪ್ಪಾ, ಅವರು ನಮ್ಮನ್ನ ನೋಡ್ತಿದಾರೆ," ಎಂದಳು ಮಗಳು.

"ನೋಡ್ಲಿ," ಎಂದು ಮತ್ತೆ ಬೆಲ್ ಒತ್ತಿದೆ. ಈ ಸಲ ಬೆರಳು ತೆಗೆಯಲಿಲ್ಲ.