ತಪ್ಪು ಸ್ವರದ ಪರ ವಾದ

ಹೈಟೆಕ್ ಸಿಟಿ ಮೇಲೇಳುತ್ತಿದ್ದ ಕಾಲದಲ್ಲಿ ಊರಿನ ಇನ್ನೊಂದು ತುದಿಯ ಮಲ್ಕಾಜ್‌ಗಿರಿ ಬಡಾವಣೆಯ ಸಂಗೀತ ಸಾಮ್ರಾಜ್ಯಕ್ಕೆ ಒಬ್ಬರೇ ಚಕ್ರವರ್ತಿನಿ: ಪಿಯಾನೊ ಟೀಚರ್ ಗದಿಗೆಮ್ಮ. ಸಾಫ್ಟ್‌ವೇರ್ ದಂಪತಿಗಳು ಇಡೀ ಊರು ದಾಟಿ ಮಕ್ಕಳನ್ನು ಅವರ ಬಳಿಗೆ ಕರೆತರುತ್ತಿದ್ದರು. ಹಾಗೆ ಬಂದವಳು ಮೈಸೂರಿನವರ ಮಗಳು ತನ್ವಿ. ಸಮಕಾಲೀನ ಸಂಗೀತ ಪರೀಕ್ಷೆಯಲ್ಲಿ, ಅಲ್ಲೇ ಹೊಸದಾಗಿ ಹುಟ್ಟಿಸಿ ನುಡಿಸಬೇಕಾದ ಭಾಗದಲ್ಲಿ ಅವಳು ಫೇಲಾಗಿದ್ದಳು. ಮನೆಯವರು ಆ ಹೊಸದನ್ನೂ ಮೊದಲೇ ಬರೆಸಿ ಬಾಯಿಪಾಠ ಮಾಡಿಸಿದ್ದರು! ಇನ್ನೊಮ್ಮೆ ಫೇಲಾದರೆ ಪಿಯಾನೊ ಮುಟ್ಟುವುದಿಲ್ಲವೆಂದು ಹುಡುಗಿ ಭೀಷಣ ಪ್ರತಿಜ್ಞೆ ಮಾಡಿದ್ದಳು.

"ನೋಟ್ಸ್ ಇಲ್ದೆ ಹೇಗೆ ನುಡಿಸ್ಲಿ, ಟೀಚರ್?"

"ನಿಮ್ಮವ್ವನ ಕೂಡ ಜಗಳಾಡೂ ಮುಂದ ನೋಟ್ಸ್ ನೋಡ್ತೀಯೇನವ್ವಾ?"

ಅಂದಿನಿಂದ ಮಹಾಯುದ್ಧ. ಗದಿಗೆಮ್ಮ ಪಿಯಾನೊದಲ್ಲೇ ಒಂದು ಕೊಂಕು ನುಡಿಯುವರು. ತನ್ವಿ ಪಿಯಾನೊದಲ್ಲೇ ತಿರುಗೇಟು ಕೊಡಬೇಕು. ತಪ್ಪು ಸ್ವರ ಬಿದ್ದರೂ ನಿಲ್ಲುವಂತಿಲ್ಲ.

"ಒಮ್ಮೆ ಒದರಿದ ಮ್ಯಾಲೆ ಹಿಂದ ಸರೀಬ್ಯಾಡ. ಇನ್ನೊಮ್ಮೆ ಒದರು, ಅದಾ ಖರೆ ಅನಸ್ತೈತಿ!"

ಅಬಿಡ್ಸ್‌ನ ಪರೀಕ್ಷಾ ಕೇಂದ್ರದಲ್ಲಿ ನಡೆದ ಮರುಪರೀಕ್ಷೆಯಲ್ಲಿ ಮೊದಲ ಸ್ವರವೇ ತಪ್ಪಿತು. ಬಾಗಿಲಾಚೆ ನಿಂತಿದ್ದ ಗದಿಗೆಮ್ಮ ಸೆರಗು ಕಚ್ಚಿದರು. ಒಳಗಿನಿಂದ ಮತ್ತೆ ಅದೇ ಸ್ವರ, ಇನ್ನೂ ಜೋರಾಗಿ. ಮೂರನೆಯ ಸಲ ಬಂದಾಗ ಅದರ ಬೆನ್ನಿಗೆ ಇಡೀ ರಾಗವೊಂದು ದಿಬ್ಬಣದಂತೆ ಹೊರಟಿತ್ತು.

ಹೊರಬಂದ ತನ್ವಿಯ ಮುಖ ಕೆಂಪಾಗಿತ್ತು. "ತಪ್ಪು ನುಡಿಸ್ಬಿಟ್ಟೆ, ಟೀಚರ್. ಆದ್ರೆ ಬಿಟ್ಟುಕೊಡ್ಲಿಲ್ಲ."

"ಕೇಳ್ಸಿತವ್ವಾ, ಬೀದಿ ತನಕ ಕೇಳ್ಸಿತು!"

ಪಾಸಾದ ಸುದ್ದಿ ಬಂದಾಗ ಹುಡುಗಿ ಮಲ್ಕಾಜ್‌ಗಿರಿಯಲ್ಲಿ ಪಿಯಾನೊ ಮುಂದೆ ಕೂತು, ಮುಂದಿನ ಗ್ರೇಡ್ ಶುರುಮಾಡಿ ಎಂದು ಟೀಚರರ ಜೀವ ತಿನ್ನುತ್ತಿದ್ದಳು.